ಎಂಜಿನ್ ಬದಲಿಸಿಕೊಂಡು ಬದುಕಿದ ಜೀಪು

ದಾವಣಗೆರೆ, ಹರಿಹರ ಸೀಮೆಯಲ್ಲಿ ಹಳೆಯ ಜೀಪೊಂದರ ಬಾನೆಟ್ ಎತ್ತಿ ನೋಡಿದರೆ ಅದು ಯಾವ ಕಂಪನಿಯದು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಚಾಸಿ ಮಹೀಂದ್ರದ್ದಾದರೆ ಎಂಜಿನ್ ಮೆಟಡೋರ್ ವ್ಯಾನಿನದು ಇರಬಹುದು. ಸ್ಟೇರಿಂಗ್ ಒಂದು ಕಾಲದ್ದು, ಬ್ರೇಕು ಇನ್ನೊಂದು ಕಾಲದ್ದು. ಕಂಪನಿಯ ಶೋರೂಮಿನವರು ಮೂಗು ಮುರಿಯಬಹುದಾದ ಈ ಕೂಡಿಕೆಗೆ ಎಂಟು ದಶಕಗಳ ಇತಿಹಾಸವಿದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ಹಗುರ ಗಾಡಿ ಬೇಕೆಂದಾಗ ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ರಾಶಿ ರಾಶಿಯಾಗಿ ತಯಾರಿಸಿದವರು ಮಾತ್ರ ವಿಲ್ಲೀಸ್ ಮತ್ತು ಫೋರ್ಡ್. ಯುದ್ಧ ಮುಗಿಯುವ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಈ ಇಬ್ಬರ ಬಿಡಿಭಾಗಗಳು ಒಂದಕ್ಕೊಂದು ಹೊಂದುತ್ತಿದ್ದವು. ರಣರಂಗದಲ್ಲಿ ಕೆಟ್ಟು ನಿಂತ ಎರಡು ಗಾಡಿಗಳನ್ನು ಬಿಚ್ಚಿ ಒಂದನ್ನು ಓಡಿಸಬಹುದಾಗಿತ್ತು. ಮುಂದೆ ಮನೆಯಂಗಳದ ರಿಪೇರಿಗೆ ಅನುಕೂಲವಾದದ್ದು ಇದೇ ಗುಣ.

ಯುದ್ಧಾನಂತರ ಸೇನೆ ಹರಾಜು ಹಾಕಿದ ಜೀಪುಗಳು ಭಾರತದಲ್ಲೂ ಖಾಸಗಿಯವರ ಕೈ ಸೇರಿದವು. 1945ರಲ್ಲಿ ಆರಂಭವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ಇಳಿಯಿತು. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ನಮ್ಮವರು ‘ಹಳೇ ಜೀಪು’ ಎಂದು ಕರೆಯುವ ಎತ್ತರ ಬಾನೆಟ್ಟಿನ ಗಾಡಿ ವಿಲ್ಲೀಸ್‌ನ ಸಿಜೆ-3ಬಿ. 1953ರಲ್ಲಿ ಬಂದ ಈ ಮಾದರಿಗೆ ಹಾಕಿದ ಹೊಸ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿತ್ತು, ಹಾಗಾಗಿ ಬಾನೆಟ್ಟನ್ನೇ ಮೇಲಕ್ಕೆ ಏರಿಸಿದರು. ಎಂಜಿನ್ನಿಗೆ ತಕ್ಕಂತೆ ಗಾಡಿ ತಿದ್ದುವ ಚಾಳಿ ಗ್ಯಾರೇಜಿನವರಿಗಿಂತ ಮೊದಲು ಕಾರ್ಖಾನೆಯವರದ್ದು ಎಂದಾಯಿತು.

ಆದರೆ ಅದು ಪೆಟ್ರೋಲ್ ಎಂಜಿನ್, ಗಾತ್ರ 2.2 ಲೀಟರ್, ಕುಡಿಯುವುದೂ ಧಾರಾಳ. 1973ರ ತೈಲ ಬಿಕ್ಕಟ್ಟಿನ ಬಳಿಕ ಅದನ್ನು ಸಾಕುವುದು ರೈತನಿಗೂ ಬಾಡಿಗೆ ಓಡಿಸುವವನಿಗೂ ಭಾರವಾಯಿತು. ಮಹೀಂದ್ರ ಕಂಪನಿಯೇ ಮೊದಲು ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ನನ್ನೂ, ಆಮೇಲೆ ಫ್ರಾನ್ಸಿನ ಪ್ಯೂಜೊ ಎಂಜಿನ್ನನ್ನೂ ಹೊಸ ಜೀಪುಗಳಿಗೆ ಕೂರಿಸಿತು. ಹಳೆಯ ಜೀಪಿನ ಮಾಲೀಕರು ಗುಜರಿಯತ್ತ ನಡೆದರು. ಟ್ರ್ಯಾಕ್ಟರಿನದೋ ಮೆಟಡೋರಿನದೋ ಡೀಸೆಲ್ ಎಂಜಿನ್ ಜೀಪಿನೊಳಗೆ ಬಂದು ಕುಳಿತಿತು.

ಚೈನ್ ಬ್ಲಾಕ್ ಕಟ್ಟಲು ಒಂದು ಗಟ್ಟಿ ತೊಲೆ ಇದ್ದರೆ ಎಂಜಿನ್ ಇಳಿಸುವುದು ದೊಡ್ಡ ಮಾತಲ್ಲ. ಕಷ್ಟವಿರುವುದು ಹೊಸ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಹೊಂದಿಸುವಲ್ಲಿ. ಎರಡರ ಬೋಲ್ಟ್ ತೂತುಗಳು ಕೂಡುವುದಿಲ್ಲ. ನಡುವೆ ದಪ್ಪ ಉಕ್ಕಿನ ಪ್ಲೇಟೊಂದನ್ನು ಕೊರೆದು ಕೂರಿಸಬೇಕು. ಅದರ ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಊಳಿಡುತ್ತದೆ, ಕ್ಲಚ್ ಬೇಗನೆ ಸವೆಯುತ್ತದೆ. ಸ್ಪ್ಯಾನರು, ಸುತ್ತಿಗೆಯಿಂದ ಆಗುವ ಕೆಲಸ ಇದಲ್ಲ. ಇದಕ್ಕೆ ಲೇತು ಬೇಕು, ಲೇತಿನ ಮುಂದೆ ಪಳಗಿದ ಕೈ ಬೇಕು.

ಇಲ್ಲಿ ಹರಿಹರದ ಪಾತ್ರ ಬರುತ್ತದೆ. ತುಂಗಭದ್ರೆಯ ದಡದ ಈ ಊರಿನಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದದ್ದು ಲೇತುಗಳನ್ನೇ. ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳ ಹೆಸರು ದೇಶದ ವರ್ಕ್‌ಶಾಪ್‌ಗಳಲ್ಲೆಲ್ಲ ಪರಿಚಿತ. ಕಾರ್ಖಾನೆಯಿದ್ದ ಬಡಾವಣೆಗೇ ಯಂತ್ರಾಪುರ ಎಂದು ಹೆಸರು. ಕಾರ್ಖಾನೆಯ ಜೊತೆಗೆ ಟರ್ನರ್, ಫಿಟ್ಟರ್‌ಗಳ ಪೀಳಿಗೆಯೂ ಸಣ್ಣ ಘಟಕಗಳೂ ಬೆಳೆದವು. ಹತ್ತಿರದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು, 1951ರಿಂದ ಬಿಡಿಟಿ ಎಂಜಿನಿಯರಿಂಗ್ ಕಾಲೇಜೂ ಇತ್ತು. ಹೊಸ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಬಾಗಿಲು ಮುಚ್ಚಿದರೂ ಅದರ ಲೇತುಗಳು ಎಷ್ಟೋ ಅಂಗಡಿಗಳಲ್ಲಿ ತಿರುಗುತ್ತಲೇ ಇವೆ.

ಎಂಜಿನ್ ಕೂತರೂ ಜೀಪಿನ ಲೆಕ್ಕ ಮುಗಿಯುವುದಿಲ್ಲ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ, ಒಂದು ಪಟ್ಟಿ ಹೆಚ್ಚಿಗೆ ಹಾಕಬೇಕು. ಸಿಜೆ-3ಬಿಯ ಚಕ್ರ ಒಂದು ಸುತ್ತು ತಿರುಗಲು ಟಾಪ್ ಗೇರಿನಲ್ಲೂ ಎಂಜಿನ್ 5.38 ಸುತ್ತು ತಿರುಗಬೇಕು. ನಿಧಾನ ತಿರುಗುವ ಡೀಸೆಲ್ಲಿಗೆ ಇದು ಹೆದ್ದಾರಿಯಲ್ಲಿ ಹಿಂಸೆ. ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಬದಲಿಸಿದರೆ ವೇಗ ಸಿಗುತ್ತದೆ. ಆದರೆ ಮುಂದಿನದನ್ನೂ ಅದೇ ಅಳತೆಗೆ ಬದಲಿಸದೆ ಫೋರ್ ವೀಲ್ ಹಾಕಿದರೆ ಹಿಂದಿನ ಚಕ್ರ ಒಂದು ವೇಗಕ್ಕೆ, ಮುಂದಿನದು ಇನ್ನೊಂದಕ್ಕೆ ಎಳೆದಾಡಿ ನಡುವಿನ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ಎರಡು ಜೊತೆ ಕ್ರೌನ್-ಪಿನಿಯನ್ನಿಗೆ ಹಣ ಯಾರು ಹಾಕುತ್ತಾರೆ? ಮುಂದಿನ ಶಾಫ್ಟ್ ಬಿಚ್ಚಿ ಅಟ್ಟಕ್ಕೆ ಏರಿಸುವುದು ಸುಲಭದ ದಾರಿ. ಫೋರ್ ವೀಲ್ ಎಂದು ಹೆಮ್ಮೆಪಡುವ ಜೀಪು ಮಳೆಗಾಲದ ಎರೆಮಣ್ಣಿನಲ್ಲಿ ಹೂತು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಳ್ಳುವುದು ಇದರಿಂದಲೇ.

ಈಚಿನ ತೊಡಕು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನ ಮಾರ್ಪಾಡಿಗೆ ಸಂಬಂಧಿಸಿದ್ದು. 2000ದ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸಕೂಡದು ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತಪಡಿಸಿತು. ಬ್ರೇಕಿನ ಶಕ್ತಿ ನೋಡದೆ ದೊಡ್ಡ ಎಂಜಿನ್ ತುರುಕುವವರಿರುವಾಗ ಈ ಬಿಗಿ ತಪ್ಪೆನ್ನಲಾಗದು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದ್ದೂ ಮಾಲೀಕರಿಗೆ ಬಿಸಿ ಮುಟ್ಟಿಸಿತು.

ಹೆಚ್ಚು ಬಿಸಿ ಚರ್ಚೆ ಬೇಕಾದದ್ದು 2021ರ ವಿಂಟೇಜ್ ನಿಯಮದ ಬಗ್ಗೆ. 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಷರತ್ತು ಇಷ್ಟೆ: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಜೀಪು ಇದರಲ್ಲಿ ಪಾಸಾಗುತ್ತದೆ. ಡೀಸೆಲ್ ಹಾಕಿಸಿಕೊಂಡದ್ದರಿಂದಲೇ ಗುಜರಿಗೆ ಹೋಗದೆ ದುಡಿದ ಜೀಪಿಗೆ ಆ ಗೌರವವಿಲ್ಲ. ವಿಂಟೇಜ್ ಸಂಖ್ಯೆ ಬೇಕೆನ್ನುವ ಮಾಲೀಕ ಒಂದು ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟ ಪೆಟ್ರೋಲ್ ಎಂಜಿನ್ನನ್ನು ಈಗ ಊರೂರಿನ ಗುಜರಿಗಳಲ್ಲಿ ಹುಡುಕಬೇಕಾಗಿದೆ.