ಹಂದಿ ಹಾದಿಯ ಕೋವಿ, ದೇವರ ಮೂಲೆಯ ಕೋವಿ

ಕೇಪಿನ ಕೋವಿಗೆ ಒಂದು ಕೆಟ್ಟ ಗುಣವಿದೆ. ನಳಿಗೆಯ ಬಾಯಿಂದ ಮದ್ದಿನ ಮಸಿ ಸುರಿದು, ನಾರಿನ ಕತ್ತ ತುರುಕಿ, ಗಜದಿಂದ ಜಡಿದು, ಚರೆ ಹಾಕಿ ಮತ್ತೆ ಕತ್ತ ಜಡಿದರೆ ಮುಗಿಯಿತು. ಹೊಡೆದೇ ಖಾಲಿ ಮಾಡಬೇಕು. ತೋಟೆ ಕೋವಿಯಾದರೆ ಮಡಚಿ ತೋಟೆ ಈಚೆಗೆ ತೆಗೆಯಬಹುದು. ನಮ್ಮ ಸಕಲೇಶಪುರದ ಕಡೆ ರಾತ್ರಿಯಿಡೀ ಕಾದರೂ ಹಂದಿ ಬಾರದಿದ್ದರೆ, ಮಸಿ ದಂಡವಾದೀತೆಂದು ತುಂಬಿದ ಕೋವಿಯನ್ನೇ ತಂದು ಗೋಡೆಗೆ ಒರಗಿಸುತ್ತಿದ್ದರು. ಕೇಪು ತೆಗೆದಿಟ್ಟಿದ್ದರೆ ಮಕ್ಕಳ ಪುಣ್ಯ.

ಅಕ್ಕನನ್ನು ಕೊಡಗಿನ ಸೋಮವಾರಪೇಟೆ ಕಡೆಗೆ ಕೊಟ್ಟಿದ್ದರಿಂದ ಗಡಿಯಾಚೆಯ ಕೋವಿಗಳನ್ನೂ ಬಲ್ಲೆ. ನಮ್ಮದು ಬೆಳೆ ಕಾಯಲೆಂದು ಅರ್ಜಿ ಹಾಕಿ ಪಡೆದ ಲೈಸೆನ್ಸ್ ಕೋವಿ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಅಲ್ಲಿನದು ಲೈಸೆನ್ಸ್ ಬೇಡದ ಜಮ್ಮಾ ಕೋವಿ; ಜಮ್ಮಾ ಎಂದರೆ ವಂಶಪಾರಂಪರ್ಯ ಭೂಹಿಡುವಳಿ. 1834ರಲ್ಲಿ ಕೊಡಗನ್ನು ನುಂಗಿದ ಬ್ರಿಟಿಷರು, 1857ರಲ್ಲಿ ಕೊಡವರು ತಿರುಗಿಬೀಳಲಿಲ್ಲವೆಂದು ಮೆಚ್ಚಿ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆಜ್ಞೆಯ ಮೂಲಕ ಆಯುಧ ಕಾಯ್ದೆಯಿಂದ ಅವರನ್ನು ಹೊರಗಿಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಈಗ 2029ರವರೆಗೆ ಇದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು.

ಕೋವಿ ಹೆಚ್ಚಿದ್ದಲ್ಲಿ ಸಾವೂ ಹೆಚ್ಚು ಎಂದು ಪೇಟೆಯವರು ಲೆಕ್ಕ ಹಾಕುತ್ತಾರೆ. ನನಗೆ ಅದು ಅಷ್ಟು ಸಲೀಸಾಗಿ ಕಾಣುವುದಿಲ್ಲ. ಕೊಡವರಲ್ಲಿ ನಾಟಿ ಮುಗಿಯುವವರೆಗೆ ಆಯುಧ ದೇವರ ಮೂಲೆಯಾದ ಕನ್ನಿಕೋಂಬರೆಯಲ್ಲಿ ಕೂರುತ್ತದೆ. ಆಯುಧದ ಹಬ್ಬವಾದ ಕೈಲ್‌ಪೊಳ್ದಿನಂದು ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸಿದ ಮೇಲೆಯೇ ಈಚೆಗೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ, ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಿಗೆ ಎರಡು. ಎಲ್ಲವೂ ಬಯಲಲ್ಲಿ, ಆಕಾಶಕ್ಕೆ, ಹಿರಿಯರ ಕಣ್ಣೆದುರು. ಅಲ್ಲಿ ಅನಾಹುತ ಆಗುವುದೇ ಇಲ್ಲವೆಂದಲ್ಲ. ಗುಂಡಿಗೆ ಹಬ್ಬ, ಕುಡಿತ ಯಾವುದೂ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಅಪಾಯ ಬೇರೆ: ಹಳುವಿನೊಳಗೆ, ಕತ್ತಲಲ್ಲಿ, ಸದ್ದಿಗೇ ಹೊಡೆಯುವುದು. ಅದಕ್ಕಿಂತ ಭಯಂಕರ, ಕೋವಿ ಕಟ್ಟುವುದು. ಹಂದಿ ಹಾದಿಯ ಮಗ್ಗುಲಲ್ಲಿ ಮರಕ್ಕೆ ಕೋವಿ ಬಿಗಿದು, ಹಾದಿಗೆ ಅಡ್ಡವಾಗಿ ಹುರಿ ಎಳೆದು ಕುದುರೆಗೆ ಸಿಕ್ಕಿಸಿ ಮನೆಗೆ ಬಂದು ಮಲಗುವುದು! ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸಿಗೂ ದನ ಹುಡುಕುವ ಹುಡುಗನಿಗೂ ಆ ಹುರಿ ಕಾಣುವುದೆಂತು?

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಕದ್ದು ಮಾಡುವ ಕೆಲಸವಾಯಿತು. ಗುಂಡು ತಗುಲಿದವನನ್ನು ಆಸ್ಪತ್ರೆಗೆ ಹೊರುವ ಮೊದಲು ಏನು ಹೇಳಬೇಕೆಂದು ಜೊತೆಗಾರರು ಕೂತು ಮಾತಾಡತೊಡಗಿದರು. ಕೋವಿ ಒರೆಸುವಾಗ ಸಿಡಿಯಿತು, ಕಾಲು ಜಾರಿ ಬಿದ್ದ ಎಂದು ಬರೆಸಿದ ಕಾಗದಗಳನ್ನು ಕೂಡಿಸಿ ಜಿಲ್ಲೆಗೆ ಜಿಲ್ಲೆ ಹೋಲಿಸುವವರು, ಆ ಮಾತುಕತೆಗೆ ಎಷ್ಟು ಹೊತ್ತು ಹಿಡಿಯಿತೆಂದು ಯಾವ ಕಾಲಮ್ಮಿನಲ್ಲಿ ಹುಡುಕುತ್ತಾರೆ?