ನೈಟ್ ಡ್ಯೂಟಿ ನೋಟ್ಸ್ – 23: ಒಂದು ಅಡಿ ಉದ್ದದ ಹುಸಿ ಮೀನು

ಹೋದ ಕಂತಿನಲ್ಲಿ ಹಾರ್ಟ್ ಫೇಲ್ಯೂರ್ ಇರುವವರ ತೂಕದ ಬಗ್ಗೆ ಬರೆದಿದ್ದೆ. ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ತೂಕ ನೋಡುತ್ತೇವೆ. ಒಂದೇ ದಿನದಲ್ಲಿ ಎರಡು ಮೂರು ಪೌಂಡ್ ಏರಿದ್ದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅನುಮಾನ, ಡಾಕ್ಟರಿಗೆ ಹೇಳುತ್ತೇವೆ. "ಆ ಹೊತ್ತಲ್ಲಿ ಎಬ್ಬಿಸಿದರೆ ಪೇಷಂಟ್‌ಗಳು ಬೈಯಲ್ವಾ ಅಕ್ಕ?" ಅಂತ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದರು. ಬೈತಾರೆ, ಚೆನ್ನಾಗಿಯೇ ಬೈತಾರೆ. ಬೈಯದೇ ಇದ್ದವರು ಒಬ್ಬ ಅಜ್ಜ. ತೂಕದ ಮೆಷಿನ್ ಮೇಲೆ ನಿಂತು, "ಪೌಂಡ್ ಮಾತ್ರ ಬರೀಬೇಡಿ, ಔನ್ಸೂ ಬರೀರಿ. ನಾವು ಗಾಳ ಹಾಕೋರು, ಎರಡು ಔನ್ಸಿಗೆ ವರ್ಷಗಟ್ಟಲೆ ಕಿತ್ತಾಡಿದವರು" ಅಂದರು. (ಅವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.)

ಆಮೇಲೆ ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು ಉದ್ದದ ಮೀನು, ಬೆನ್ನ ಮೇಲೆ ಕಪ್ಪು ಚುಕ್ಕಿ, ಪಕ್ಕೆಯಲ್ಲಿ ಗುಲಾಬಿ ಪಟ್ಟೆ. "ಒಳ್ಳೇ ಮೀನು ಹಿಡಿದಿದ್ದೀರಿ" ಅಂದೆ. ಅಜ್ಜ ನಕ್ಕ ರಭಸಕ್ಕೆ ಮಾನಿಟರ್ ಅಲಾರಂ ಹೊಡೆಯಿತು. ಅದು ಮೀನಲ್ಲವಂತೆ, ಎರೆಯಂತೆ! ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಸಿ ಮೀನು. ಇಲ್ಲಿನವರು ಲೂರ್ ಅನ್ನುತ್ತಾರೆ. ಇಷ್ಟು ದೊಡ್ಡದನ್ನು ನುಂಗುವ ಮೀನು ಸ್ಯಾನ್ ಡಿಯಾಗೊದ ಕುಡಿಯುವ ನೀರಿನ ಕೆರೆಗಳಿಗೆ ಎಲ್ಲಿಂದ ಬಂತು? ಆ ರಾತ್ರಿ ಶುರುವಾದ ಓದು ಎರಡು ತಿಂಗಳಾದರೂ ಮುಗಿದಿಲ್ಲ.

ಮೀನಿನ ಹೆಸರು ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕದಲ್ಲಿ ಒಂದು ಕಪ್ಪು ಗೆರೆ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ಬಾಯಿ. ಇದು ಬೇಟೆಯನ್ನು ತುಂಬಾ ದೂರ ಅಟ್ಟಿಕೊಂಡು ಹೋಗುವುದಿಲ್ಲ. ಜೊಂಡಿನ ಮರೆಯಲ್ಲೋ ಮುಳುಗಿದ ಮರದ ಪಕ್ಕದಲ್ಲೋ ಕಾದು, ಬೇಟೆ ಹತ್ತಿರ ಬಂದಾಗ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ತುಂಬಾ ದೊಡ್ಡದಾಗಿ ಬೆಳೆಯುವವು ಹೆಣ್ಣುಗಳು.

ಇದರ ದಾಖಲೆಯ ಕಥೆ ಜಾರ್ಜಿಯಾ ರಾಜ್ಯದ್ದು. 1932ರ ಜೂನ್ 2, ಆರ್ಥಿಕ ಕುಸಿತದ ಕಾಲ. ಮಳೆಯಿಂದಾಗಿ ಹೊಲದಲ್ಲಿ ಕೆಲಸವಿಲ್ಲ ಅಂತ ಜಾರ್ಜ್ ಪೆರ್ರಿ ಎಂಬ ಬಡ ರೈತ ಹುಡುಗ ಗೆಳೆಯನ ಜೊತೆ ಮಾಂಟ್ಗೊಮರಿ ಲೇಕ್‌ಗೆ ಹೋದ. ಲೇಕ್ ಅನ್ನುವುದು ಹೆಸರಿಗೆ, ನಿಜಕ್ಕೂ ಅದು ನದಿ ದಾರಿ ಬದಲಿಸಿದಾಗ ಉಳಿದುಹೋದ ಮಡು. ಕ್ರೀಕ್ ಚಬ್ ಕಂಪನಿಯ ಒಂದು ಲೂರ್ ಹಾಕಿ ಹಿಡಿದ ಮೀನನ್ನು ಪಕ್ಕದ ಊರಿಗೆ ಒಯ್ದು ತೂಗಿಸಿದ: 22 ಪೌಂಡ್ 4 ಔನ್ಸ್, ನಮ್ಮ ಲೆಕ್ಕದಲ್ಲಿ ಹತ್ತು ಕಿಲೋ ಚಿಲ್ಲರೆ. ಒಂದು ಪತ್ರಿಕೆಯ ಸ್ಪರ್ಧೆಗೆ ಆ ತೂಕ ಕಳಿಸಿ ಬಹುಮಾನ ಗೆದ್ದ. ಮೀನನ್ನು ಮನೆಯವರೆಲ್ಲ ಸೇರಿ ತಿಂದರು. ಈಗಿನ ಜನ ಈ ಮಾತಿಗೆ ತಲೆ ಚಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ಹುಡುಗನ ಮೇಲೆ ಪ್ರೀತಿ ಬಂತು. ಮನೆಯಲ್ಲಿ ಹಸಿವಿದ್ದಾಗ ಹತ್ತು ಕಿಲೋ ಮೀನನ್ನು ಗೋಡೆಗೆ ನೇತು ಹಾಕುತ್ತಾರಾ?

ಇಪ್ಪತ್ತೆರಡು ಪೌಂಡಿನ ಮೀನು ಮತ್ತೆ ಸಿಗುತ್ತದೆ ಅನ್ನುವ ಆಸೆ ಹುಟ್ಟಿದ್ದು ಮೂರು ಸಾವಿರ ಕಿಲೋಮೀಟರ್ ಆಚೆ, ಕ್ಯಾಲಿಫೋರ್ನಿಯಾದಲ್ಲಿ. ಬಾಸ್ ಇಲ್ಲಿನ ಮೀನೇ ಅಲ್ಲ. ರಾಕಿ ಪರ್ವತದ ಪೂರ್ವದಲ್ಲಷ್ಟೇ ಇದ್ದದ್ದನ್ನು 19ನೇ ಶತಮಾನದ ಕೊನೆಯಲ್ಲಿ ತಂದು ಬಿಟ್ಟಿದ್ದರು. ಆದರೆ ಅದು ಉತ್ತರದ ತಳಿ, ಅಷ್ಟು ದೊಡ್ಡದಾಗುವುದಿಲ್ಲ. 1959ರಲ್ಲಿ ಸ್ಯಾನ್ ಡಿಯಾಗೊ ನಗರದ ಕೆರೆಗಳನ್ನು ನೋಡಿಕೊಳ್ಳುತ್ತಿದ್ದ ಆರ್ವಿಲ್ ಬಾಲ್ ಎಂಬ ಅಧಿಕಾರಿ ಫ್ಲಾರಿಡಾದಿಂದ ಬೇರೆ ತಳಿಯ ಮರಿಗಳನ್ನು ತರಿಸಿ ಅಪ್ಪರ್ ಓಟೇ ಎಂಬ ಚಿಕ್ಕ ಜಲಾಶಯಕ್ಕೆ ಬಿಟ್ಟರು. ಅಲ್ಲಿ ಬೆಳೆದು ಮರಿ ಮಾಡಿದ ಮೇಲೆ ಬೇರೆ ಕೆರೆಗಳಿಗೂ ಹಂಚಿದರು. ನಮ್ಮ ಮೀನುಗಾರಿಕೆ ಇಲಾಖೆಯವರು ಹೇಳುವ "ಮೀನುಮರಿ ಬಿತ್ತನೆ" ಇದೆಯಲ್ಲ, ಅದೇ. ಫ್ಲಾರಿಡಾ ತಳಿಯನ್ನು ಈಗ ವಿಜ್ಞಾನಿಗಳು ಬೇರೆ ಪ್ರಭೇದ ಅಂತಲೇ ಎಣಿಸುತ್ತಾರೆ.

ಮರಿ ಬಿತ್ತಿದರೆ ಸಾಲದು, ಮೇವು ಬೇಕು. ಅದು ಬಂದದ್ದು ಲಾರಿಯಲ್ಲಿ. ಚಳಿಗಾಲದಲ್ಲಿ ನೀರು ತಣ್ಣಗಾದಾಗ, ಗಾಳ ಹಾಕುವವರ ಖುಷಿಗಾಗಿ ಈ ಕೆರೆಗಳಿಗೆ ರೇನ್‌ಬೋ ಟ್ರೌಟ್ ತಂದು ಸುರಿಯುತ್ತಾರೆ. ತೊಟ್ಟಿಯಲ್ಲಿ ಸಾಕಿದ, ಹತ್ತು ಹನ್ನೆರಡು ಇಂಚಿನ, ಶತ್ರು ಅಂದರೆ ಏನೆಂದೇ ಗೊತ್ತಿಲ್ಲದ ಕೊಬ್ಬಿದ ಮೀನುಗಳು. ಜನರಿಗಾಗಿ ಬಿಟ್ಟದ್ದನ್ನು ಬಾಸ್ ತಿಂದು ಬೆಳೆಯಿತು. ಇಡೀ ದಿನ ಚಿಕ್ಕ ಚಿಕ್ಕ ಮರಿಗಳ ಹಿಂದೆ ಓಡಿ ಶಕ್ತಿ ಕಳೆಯುವುದಕ್ಕಿಂತ ಒಂದೇ ದೊಡ್ಡ ತುತ್ತು ನುಂಗಿ ಎರಡು ದಿನ ಮಲಗುವುದು ದೊಡ್ಡ ಮೀನಿಗೆ ಲಾಭ. 1973ರಲ್ಲಿ ಮಿರಾಮಾರ್ ಕೆರೆಯಲ್ಲಿ ಡೇವ್ ಜಿಮ್ಮರ್ಲಿ ಎಂಬವರು 20 ಪೌಂಡ್ 15 ಔನ್ಸಿನ ಬಾಸ್ ಹಿಡಿದಾಗ, ಪೆರ್ರಿಯ ದಾಖಲೆ ಮುರಿದರೆ ಇಲ್ಲೇ ಮುರಿಯುತ್ತದೆ ಅಂತ ಎಲ್ಲರಿಗೂ ಅನ್ನಿಸಿತು.

ಅಜ್ಜನ ಹುಸಿ ಮೀನು ಹುಟ್ಟಿದ್ದು ಈ ಟ್ರೌಟ್ ಲಾರಿಯಿಂದ. ಆವರೆಗೆ ಬಾಸ್‌ಗೆ ಹಾಕುತ್ತಿದ್ದ ಲೂರ್‌ಗಳು ಹೆಚ್ಚೆಂದರೆ ಬೆರಳುದ್ದ, ಪ್ಲಾಸ್ಟಿಕ್ ಹುಳುವಾದರೆ ಇನ್ನೂ ಸ್ವಲ್ಪ ಉದ್ದ. ದೊಡ್ಡ ಬಾಸ್ ತಿನ್ನುತ್ತಿರುವುದು ಒಂದು ಅಡಿಯ ಟ್ರೌಟ್, ನಾವು ತೋರಿಸುತ್ತಿರುವುದು ಮಾತ್ರ ಕಡಲೆಪುರಿ ಅಂತ ಕೆಲವರಿಗೆ ಹೊಳೆಯಿತು. 1980ರ ದಶಕದ ಕೊನೆಯ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಆಲನ್ ಕೋಲ್ ಮರದಲ್ಲಿ ಮಾಡಿದ 'ಎ.ಸಿ. ಪ್ಲಗ್' ಬಂತು. ತುಂಡು ಜೋಡಿಸಿದ ಮರದ ಮೈ, ಹಿಂದೆ ರಬ್ಬರ್ ಬಾಲ, ಟ್ರೌಟಿನ ಬಣ್ಣ. ದೋಣಿಯ ಹಿಂದೆ ಎಳೆದರೆ ಸೊಂಟ ಬಳುಕಿಸಿಕೊಂಡು ಬರುತ್ತದೆ. ಆಮೇಲೆ ಮೈಕ್ ಶಾ ಅವರ 'ಎಂ.ಎಸ್. ಸ್ಲ್ಯಾಮರ್'. ಇದೂ ಮರದ್ದೇ, ನೀರಿನ ಮೇಲ್ಮೈಯಲ್ಲಿ ಅಲೆ ಎಬ್ಬಿಸುತ್ತಾ ಬರುವಂಥದ್ದು. ಇವು ಮೊದಲಿಗೆ ದೊಡ್ಡ ಕಂಪನಿಯ ಮಾಲಲ್ಲ, ಗಾಳ ಹಾಕುವವರೇ ಕೂತು ಕೆತ್ತಿ, ಬಣ್ಣ ಹಚ್ಚಿ, ಕೆರೆಗೆ ಒಯ್ದು ನೋಡಿದ್ದು. ಅಜ್ಜ ಹೇಳುವ ಪ್ರಕಾರ ಮೊದಮೊದಲು ಕೆರೆ ದಂಡೆಯಲ್ಲಿ ಜನ ಇವರನ್ನು ನೋಡಿ ನಗುತ್ತಿದ್ದರಂತೆ, "ನಿನ್ನ ಎರೆಯೇ ನನ್ನ ಮೀನಿಗಿಂತ ದೊಡ್ಡದು" ಅಂತ.

2000ದ ದಶಕದ ಮಧ್ಯದಲ್ಲಿ ಕೆನ್ ಹಡಲ್‌ಸ್ಟನ್ ಅವರ ಎಂಟು ಇಂಚಿನ ಮೆತ್ತನೆ ರಬ್ಬರ್ ಟ್ರೌಟ್ ಬಂತು. ಅದರ ಮೈಮೇಲಿನ ಪೊರೆ, ರೆಕ್ಕೆ, ಕಣ್ಣು ನೋಡಿದರೆ ಮಾರ್ಕೆಟ್ಟಿನಲ್ಲಿ ತೂಕಕ್ಕೆ ಹಾಕಬಹುದು. ನನಗೆ ತುಂಬಾ ಹಿಡಿಸಿದ್ದು ಅದರ ಮೇಲಿನ ನಂಬರು. 5 ಎಂದಿದ್ದರೆ ಹತ್ತು ಸೆಕೆಂಡಿಗೆ ಐದು ಅಡಿ ಮುಳುಗುತ್ತದೆ, 12 ಎಂದಿದ್ದರೆ ಹನ್ನೆರಡು ಅಡಿ. ನಾವು ಐವಿ ಡ್ರಿಪ್ಪಿನ ಹನಿ ಎಣಿಸುವ ಹಾಗೆ ಅವರು ಸೆಕೆಂಡು ಎಣಿಸಿ, ಈಗ ತಳ ಮುಟ್ಟಿತು ಅಂತ ತಿಳಿದು, ಆಮೇಲೆ ಸುತ್ತಲು ಶುರು ಮಾಡುತ್ತಾರೆ. ನಿಧಾನಕ್ಕೆ, ತುಂಬಾ ನಿಧಾನಕ್ಕೆ. ಬಾಲ ಮಾತ್ರ ಆಡಬೇಕು.

ಕೇಳಲು ಸುಲಭ. ಅಜ್ಜ ಹಾಗಲ್ಲ ಅಂದರು. ದಪ್ಪ ಕೋಲು, ದಪ್ಪ ತಂಗೂಸಿ, ತುದಿಯಲ್ಲಿ ಎರಡು ಮೂರು ಔನ್ಸಿನ ಭಾರ, ಎರಡೂ ಕೈಯಲ್ಲಿ ಬೀಸಿ ಎಸೆಯಬೇಕು. ಬೆಳಗಿನಿಂದ ಸಂಜೆವರೆಗೆ ಎಸೆದರೂ ಒಂದೂ ಕಚ್ಚದ ದಿನಗಳೇ ಹೆಚ್ಚು. ಪಕ್ಕದ ದೋಣಿಯವನು ಚಿಕ್ಕ ಹುಳು ಹಾಕಿ ಇಪ್ಪತ್ತು ಮೀನು ಎಳೆಯುತ್ತಿರುತ್ತಾನೆ. ಇವರು ಆ ಇಪ್ಪತ್ತನ್ನೂ ಬಿಟ್ಟು ಬರದೇ ಇರಬಹುದಾದ ಒಂದಕ್ಕೆ ಕಾಯುತ್ತಾರೆ. ಅವರ ಹೆಂಡತಿ ಇದಕ್ಕೆ ಏನೆನ್ನುತ್ತಿದ್ದರು ಅಂತ ಕೇಳಿದೆ. ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ನಗುತ್ತಿದ್ದವರ ಬಾಯಿ ಮುಚ್ಚಿಸಿದ್ದು ಸ್ಪರ್ಧೆಗಳು. 2000ದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ನಲ್ಲಿ ಬೈರನ್ ವೆಲ್ವಿಕ್ ಈ ತರದ ರಬ್ಬರ್ ಮೀನು ಹಾಕಿ ಮೂರು ದಿನದಲ್ಲಿ ಹದಿನೈದು ಬಾಸ್, ಒಟ್ಟು 83 ಪೌಂಡ್ 5 ಔನ್ಸ್ ತಂದರು. 2007ರಲ್ಲಿ ಅದೇ ಕೆರೆಯಲ್ಲಿ ಸ್ಟೀವ್ ಕೆನಡಿ ನಾಲ್ಕು ದಿನಕ್ಕೆ 122 ಪೌಂಡ್ 14 ಔನ್ಸ್. ಆಮೇಲೆ ಅಂಗಡಿ ಅಂಗಡಿಯಲ್ಲೂ ದೊಡ್ಡ ಲೂರ್.

ಈಗ ಅಜ್ಜ ಒಪ್ಪದ ಒಂದು ಮಾತು. ತೀರಾ ದೊಡ್ಡ ಬಾಸ್‌ಗಳ ಪಟ್ಟಿ ನೋಡಿದರೆ ಈ ಒಂದು ಅಡಿಯ ಹುಸಿ ಮೀನಿಗೆ ಅಷ್ಟು ಪಾಲಿಲ್ಲ. ಜಿಮ್ಮರ್ಲಿ ಹಾಕಿದ್ದು ಎರೆಹುಳು. 1980ರಲ್ಲಿ ಕಸೀಟಾಸ್ ಕೆರೆಯಲ್ಲಿ 21 ಪೌಂಡ್ ದಾಟಿದ ರೇಮಂಡ್ ಈಸ್ಲಿ, 1991ರಲ್ಲಿ ಕಸ್ಟೇಕ್‌ನಲ್ಲಿ 22 ಪೌಂಡ್ ಮುಟ್ಟಿದ ಬಾಬ್ ಕ್ರೂಪಿ, ಇಬ್ಬರೂ ಹಾಕಿದ್ದು ಜೀವಂತ ಕ್ರಾಫಿಶ್, ಅಂದರೆ ಏಡಿಗೂ ಸಿಗಡಿಗೂ ಮಧ್ಯದ ಒಂದು ಸಿಹಿನೀರಿನ ಪ್ರಾಣಿ. ಇದನ್ನು ಹೇಳಿದರೆ ಅಜ್ಜ, "ಅವರು ಆ ಒಂದು ಮೀನು ಹಿಡಿದರು, ನಾನು ಹತ್ತು ಪೌಂಡಿನವನ್ನು ಎಷ್ಟು ಸಲ ನೋಡಿದ್ದೇನೆ ಗೊತ್ತಾ" ಅಂತ ಬೆರಳು ಎಣಿಸತೊಡಗಿದರು. ಆಕ್ಸಿಮೀಟರ್ ಬೆರಳಿನಿಂದ ಜಾರಿ ಬಿತ್ತು.

ಎರಡು ಔನ್ಸಿನ ಜಗಳಕ್ಕೆ ಬರೋಣ. ಎಸ್ಕಾಂಡಿಡೊದ ಡಿಕ್ಸನ್ ಲೇಕ್ ನನ್ನ ಮನೆಯಿಂದ ದೂರವಿಲ್ಲ. ಚಿಕ್ಕ ಕೆರೆ. ಅಲ್ಲಿ ಕಿವಿರಿನ ಹತ್ತಿರ ಕಪ್ಪು ಚುಕ್ಕಿ ಇದ್ದ ಒಂದು ಬಾಸ್ ಇತ್ತು, ಜನ ಅದನ್ನು ಡಾಟಿ ಅನ್ನುತ್ತಿದ್ದರು. 2003ರಲ್ಲಿ ಜೆಡ್ ಡಿಕರ್ಸನ್ ಹಿಡಿದಾಗ 21 ಪೌಂಡ್ 11 ಔನ್ಸ್. 2006ರ ಮಾರ್ಚ್ 20ರಂದು ಅವರ ಗೆಳೆಯ ಮ್ಯಾಕ್ ವೀಕ್ಲಿಯ ಗಾಳಕ್ಕೆ ಮತ್ತೆ ಸಿಕ್ಕಿತು. ಕೈಯಲ್ಲಿ ಹಿಡಿಯುವ ತಕ್ಕಡಿ ತೋರಿಸಿದ್ದು 25 ಪೌಂಡ್ 1 ಔನ್ಸ್. ಪೆರ್ರಿಯ 74 ವರ್ಷದ ದಾಖಲೆಗಿಂತ ಎರಡೂಮುಕ್ಕಾಲು ಪೌಂಡ್ ಜಾಸ್ತಿ! ಆದರೆ ಕೊಕ್ಕೆ ಬಾಯಲ್ಲಿ ಇರಲಿಲ್ಲ, ಬೆನ್ನ ಹತ್ತಿರ ಚುಚ್ಚಿತ್ತು. ಹಾಗೆ ಸಿಕ್ಕಿದ್ದನ್ನು ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ. ಫೋಟೊ ತೆಗೆದು ನೀರಿಗೆ ಬಿಟ್ಟರು, ದಾಖಲೆಗೆ ಅರ್ಜಿಯನ್ನೂ ಹಾಕಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಚಾರ್ಟಿನಲ್ಲಿ ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಆ ಲೆಕ್ಕದಲ್ಲಿ ಡಾಟಿಯ 25 ಪೌಂಡ್ ಇಲ್ಲವೇ ಇಲ್ಲ. 2008ರ ಮೇ ತಿಂಗಳಲ್ಲಿ ಅದು ಸತ್ತು ತೇಲುತ್ತಿತ್ತು, ಆಗ 19 ಪೌಂಡ್. ಗೆಳೆಯರು ಚುಕ್ಕಿ ನೋಡಿ ಗುರುತು ಹಿಡಿದರು.

ದಾಖಲೆ ಕೊನೆಗೆ ಕದಲಿದ್ದು ಜಪಾನಿನಲ್ಲಿ. 2009ರ ಜುಲೈ 2ರಂದು ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಬಾಸ್ 22 ಪೌಂಡ್ 4.97 ಔನ್ಸ್. ಪೆರ್ರಿಯದ್ದಕ್ಕಿಂತ ಒಂದು ಔನ್ಸಿಗೂ ಕಮ್ಮಿ, ಸುಮಾರು 27 ಗ್ರಾಂ ಹೆಚ್ಚು. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದ ಪ್ರಕಾರ ಇಷ್ಟು ತೂಕದ ಮೀನಿನಲ್ಲಿ ಹಳೆಯದನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕು. ಹಾಗಾಗಿ 2010ರಲ್ಲಿ ತೀರ್ಪು ಬಂತು: ಇಬ್ಬರೂ ಸಮ. ಹಸಿದ ರೈತ ಹುಡುಗನ ಹೆಸರು ಇನ್ನೂ ಉಳಿದಿದೆ. ಅಜ್ಜನ ಗೆಳೆಯರು ಕಿತ್ತಾಡಿದ್ದು ಇದಕ್ಕೇ. ದೊಡ್ಡ ಲೂರ್ ಹುಚ್ಚು ಈಗ ಜಪಾನಿನಲ್ಲಿ ಕ್ಯಾಲಿಫೋರ್ನಿಯಾವನ್ನೂ ಮೀರಿಸಿದೆ, ಹಾವಿನಂತೆ ಜಾರುವ ಹತ್ತು ಹನ್ನೆರಡು ಇಂಚಿನ ಕೀಲುಮೀನುಗಳು ಅಲ್ಲಿಂದಲೇ ಇಲ್ಲಿಗೆ ಬರುತ್ತವೆ. ಆದರೆ ಕುರಿಟಾ ಹಾಕಿದ್ದು ಜೀವಂತ ಬ್ಲೂಗಿಲ್ ಎಂಬ ಸಣ್ಣ ಮೀನು.

ಬಾಸ್ ಜಪಾನಿಗೆ ಹೋದದ್ದು 1925ರಲ್ಲಿ. ಬ್ಲೂಗಿಲ್ ಹೋದದ್ದು 1960ರಲ್ಲಿ, ಶಿಕಾಗೊ ಮೇಯರ್ ಯುವರಾಜ ಅಕಿಹಿಟೊಗೆ ಕೊಟ್ಟ ಕಾಣಿಕೆಯಾಗಿ. ಎರಡೂ ಸೇರಿ ಅಲ್ಲಿನ ನಾಡಮೀನುಗಳನ್ನು ತಿಂದು ಹಾಕಿದವು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅಕಿಹಿಟೊ ಅದಕ್ಕಾಗಿ ಬಹಿರಂಗವಾಗಿ ವಿಷಾದ ಹೇಳಿದರು. ಬಿವಾದಲ್ಲಿ ಹಿಡಿದ ಬಾಸನ್ನು ವಾಪಸ್ ನೀರಿಗೆ ಬಿಡುವುದೇ 2003ರಿಂದ ನಿಷೇಧ. ಡಿಕ್ಸನ್‌ನಲ್ಲಿ ಬಿಡದಿದ್ದರೆ ತಪ್ಪು ಅನ್ನುತ್ತಾರೆ, ಬಿವಾದಲ್ಲಿ ಬಿಟ್ಟರೆ ತಪ್ಪು.

ಇದನ್ನು ಓದುವಾಗ ನನಗೆ ನಮ್ಮೂರ ಕಡೆಯ ಹೊಳೆ ನೆನಪಾಗದೇ ಇರಲಿಲ್ಲ. ಟಿ. ನರಸೀಪುರದ ಹತ್ತಿರ ನಮ್ಮ ಚಿಕ್ಕಪ್ಪ ಗಾಳಕ್ಕೆ ರಾಗಿ ಮುದ್ದೆ ಉಂಡೆ ಚುಚ್ಚಿ ಕೂರುತ್ತಿದ್ದರು. ಆ ಉಂಡೆಯೂ ನಿಂಬೆಹಣ್ಣಿಗಿಂತ ದೊಡ್ಡದೇ. ಚಿಕ್ಕದು ಹಾಕಿದರೆ ಚಿಕ್ಕದು ಕಚ್ಚುತ್ತೆ ಅನ್ನುತ್ತಿದ್ದರು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಐದು ಡಾಟಿಗಳಷ್ಟು. ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ಬೇರೆ ಮಹಶೀರ್ ಮರಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ಬಿತ್ತಿದ್ದರು. ಕ್ರಮೇಣ ಅವೇ ಹೊಳೆ ತುಂಬಿಕೊಂಡವು.

ಅಜ್ಜನಿಗೆ ಪೇಸ್‌ಮೇಕರ್ ಹಾಕಿದರು, ಎಡ ಭುಜದ ಕೆಳಗೆ. ಡಿಸ್ಚಾರ್ಜ್ ದಿನ ಕಾಗದ ಓದಿ ಹೇಳಿದೆ: ದಿನಾ ಬೆಳಗ್ಗೆ ತೂಕ, ಉಪ್ಪು ಕಮ್ಮಿ, ಎಡಗೈ ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ, ಭಾರ ಬೀಸುವ ಹಾಗಿಲ್ಲ. ಕೈ ಎತ್ತಿದರೆ ಒಳಗಿನ ತಂತಿ ಜರುಗಬಹುದು ಅಂತ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನ. ಆರು ವಾರ, ಆಮೇಲೆ ಡಾಕ್ಟರ್ ಹೂಂ ಅಂದರೆ ಮಾತ್ರ, ಅಂದೆ. ಮೊಟ್ಟೆ ಇಡುವ ಮುಂಚೆ ದೊಡ್ಡ ಹೆಣ್ಣುಗಳು ದಂಡೆಗೆ ಬರುವ ಕಾಲ ಇಲ್ಲಿ ಮಾರ್ಚ್. ಗೋಡೆಯ ಕ್ಯಾಲೆಂಡರ್ ಹತ್ತಿರ ವೀಲ್‌ಚೇರ್ ತಳ್ಳಿಸಿಕೊಂಡು ಹೋಗಿ ಬೆರಳಿಟ್ಟು ಎಣಿಸಿದರು. ಮಾರ್ಚ್ ಎರಡನೇ ವಾರಕ್ಕೆ ಬಂತು. "ಸಾಕು" ಅಂದರು.

ಮುಂದಿನ ಕಂತು ಇನ್ಸುಲಿನ್ ಬಗ್ಗೆ. ಈ ತಿಂಗಳು ಡ್ಯೂಟಿ ಜಾಸ್ತಿ, ಒಂದೆರಡು ವಾರ ತಡವಾಗಬಹುದು.