ಮೂರು, ಏಳು ಮತ್ತು ಅರಬ್ಬಿ ಹುಡುಕಾಟ

1990ರ ದಶಕದ ಕಂಪ್ಯೂಟರುಗಳಲ್ಲಿ ಅರಬ್ಬಿ ಅಕ್ಷರ ಸುಲಭಕ್ಕೆ ಮೂಡುತ್ತಿರಲಿಲ್ಲ. ಅರಬ್ ವಿದ್ಯಾರ್ಥಿಗಳು ಚಾಟ್ ಮಾಡಲು ಇಂಗ್ಲಿಷ್ ಲಿಪಿ ಹಿಡಿದರು. ಅದರಲ್ಲಿಲ್ಲದ ಗಂಟಲಿನ ಅಕ್ಷರಗಳಿಗೆ ಅಂಕಿಗಳು: 'ಐನ್'ಗೆ 3, 'ಹಾ'ಗೆ 7. ಆಕಾರ ಹೋಲುತ್ತದಲ್ಲ, ಅದಕ್ಕೆ! ಹರಟೆಗೇನೋ ಸಾಕಾಯ್ತು. ಅದೇ ಅಭ್ಯಾಸದಲ್ಲಿ ಪಾಠದ ವಿಷಯ ಹುಡುಕಲು ಹೋದರೆ? ಲೇಖನ, ಪತ್ರಿಕೆಗಳೆಲ್ಲ ಅರಬ್ಬಿ ಲಿಪಿಯಲ್ಲಿ, ಕುಟ್ಟಿದ್ದು ಇಂಗ್ಲಿಷಿನಲ್ಲಿ. ಸಿಗುತ್ತಿದ್ದದ್ದು ಮತ್ತೆ ಹರಟೆಯೇ. ತಾಯ್ನುಡಿಯಲ್ಲಿದ್ದ ಮಾಹಿತಿ ಕೈಗೆಟುಕದೆ ಎಷ್ಟೋ ಜನ ಇಂಗ್ಲಿಷಿನಲ್ಲೇ ಹುಡುಕತೊಡಗಿದರು.

2006ರ ಲೆಬನಾನ್ ಯುದ್ಧದಲ್ಲಿ ಊರಿನ ಸುದ್ದಿಗಾಗಿ ಅಮೆರಿಕದಲ್ಲಿದ್ದ ಹಬೀಬ್ ಹದ್ದಾದ್ ಪಟ್ಟದ್ದೂ ಇದೇ ಪರದಾಟ. 2007ರಲ್ಲಿ ಇಮಾದ್ ಜುರೈದಿನಿ ಜೊತೆ 'ಯಾಮ್ಲಿ' ಮಾಡಿದರು. ಇಂಗ್ಲಿಷಿನಲ್ಲಿ ಕುಟ್ಟಿ, ಅರಬ್ಬಿಯಲ್ಲಿ ಹುಡುಕಬಹುದಾಯ್ತು. ನಮ್ಮ 'ಬರಹ'ದ ಹಾಗೆ ದೊಡ್ಡಕ್ಷರ-ಚಿಕ್ಕಕ್ಷರದ ಕಟ್ಟುಪಾಡಿಲ್ಲ. ಮನಬಂದಂತೆ ಕುಟ್ಟಿದರೂ ಊಹಿಸಿ ನಾಲ್ಕಾರು ಪದ ಮುಂದಿಡುತ್ತಿತ್ತು.